ಯಾವ ತೆಂಗಿನ ಬುಡ

ಎಪ್ಪತ್ತೈದು ತುಂಬಿದ ವರ್ಷ ವಾಸು ಪೂಜಾರಿಯ ಎರಡೂ ಮೊಣಕಾಲು ಕೈಕೊಟ್ಟವು. ಕಾಪುವಿನಿಂದ ಒಳಗಿದ್ದ ಊರಿನಲ್ಲಿ ಐವತ್ತು ವರ್ಷಕ್ಕೂ ಮೇಲೆ ಭತ್ತ, ಉದ್ದು ಬೆಳೆದ ಗದ್ದೆಯನ್ನು ತಮ್ಮನಿಗೆ ವಹಿಸಿ, ಹೆಂಡತಿ ಅಪ್ಪಿಯೊಂದಿಗೆ ಡೊಂಬಿವಲಿಯ ಮಗನ ಮನೆಗೆ ಬಂದ. ಮಗ ಯತಿನ್ ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಸೊಸೆ ಅಮಿತಾ ಘನ್ಸೋಲಿಯ ಆಫೀಸಿಗೆ ಹೋಗುತ್ತಿದ್ದಳು. ಮೊಮ್ಮಗಳು ಸಂಜನಾ ಒಂಬತ್ತನೆಯ ಕ್ಲಾಸು. ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ.

ಊರಿನಲ್ಲಿ ವಾಸುವಿನ ಮಾತಿಗೆ ಎದುರಿರಲಿಲ್ಲ. ಅವನು ಉಂಡು ಎದ್ದ ಮೇಲೆಯೇ ಉಳಿದವರ ಊಟ. ಅಪ್ಪಿ ತವರಿಗೆ ಹೋಗಬೇಕಾದರೆ ವಾರ ಮೊದಲೇ ಕೇಳಬೇಕಿತ್ತು. ಅವನು ಹೂಂ ಅನ್ನುತ್ತಿದ್ದುದು ಹೊರಡುವ ದಿನ ಬೆಳಿಗ್ಗೆ, ಅದೂ ಮನಸ್ಸಾದರೆ. ಹಾಗೆಂದು ಅವನನ್ನು ಕೆಟ್ಟವನೆಂದು ಯಾರೂ ಹೇಳಿದ್ದಿಲ್ಲ. ಕುಡಿತವಿರಲಿಲ್ಲ, ಜೂಜಿರಲಿಲ್ಲ. ಗದ್ದೆಯನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಾನೆ ಎಂದು ಊರವರು ಹೊಗಳುತ್ತಿದ್ದರು.

ಈ ಪೇಟೆಯಲ್ಲಿ ಅಪ್ಪಿ ಹೆದರಿ ಮೂಲೆ ಸೇರುತ್ತಾಳೆ ಎಂದು ಅವನು ಎಣಿಸಿದ್ದ. ಆದದ್ದು ಬೇರೆ. ವರ್ಷದೊಳಗೆ ಅವಳು ಮರಾಠಿಯಲ್ಲಿ ಚೌಕಾಸಿ ಮಾಡಿ ತರಕಾರಿ ತರತೊಡಗಿದಳು. ಕನ್ನಡ ಹೆಂಗಸರ ಭಜನಾ ಮಂಡಳಿ ಸೇರಿದಳು. ಒಬ್ಬಳೇ ಲೋಕಲ್ ಟ್ರೇನ್ ಹತ್ತಿ ಕಲ್ಯಾಣ್ ಪೇಟೆಗೆ ಹೋಗಿ ಬಂದಳು. ವಾಸು ದಿನಕ್ಕೊಮ್ಮೆ ಕೋಲೂರಿ ಕೆಳಗಿಳಿದು, ಗೇಟಿನ ಪಕ್ಕದ ಕಟ್ಟೆಯಲ್ಲಿ ಕೂತು, ಮತ್ತೆ ಅರ್ಧ ಗಂಟೆ ತೆಗೆದುಕೊಂಡು ಮೇಲೇರುತ್ತಿದ್ದ. ಅವನ ಚಹಾ ಈಗ ಎಲ್ಲರದ್ದೂ ಮುಗಿದ ಮೇಲೆ ಬರುತ್ತಿತ್ತು. ಒಮ್ಮೆ ಊಟ ಎಲ್ಲಿ ಎಂದು ಗದರಿದ. ಅಪ್ಪಿ ಟಿವಿಯಿಂದ ಕಣ್ಣು ತೆಗೆಯದೆ, ಅಡುಗೆಮನೆಯಲ್ಲಿ ಉಂಟು, ಬಡಿಸಿಕೊಳ್ಳಿ ಎಂದಳು. ಸಂಜನಾ ನಕ್ಕಳು. ಅವನು ಎದ್ದು ಹೋಗಿ ಬಡಿಸಿಕೊಂಡ.

ಜುಲೈ ತಿಂಗಳ ಒಂದು ಬೆಳಿಗ್ಗೆ ಮಂಡಳಿಯವರು ಟಿಟ್ವಾಳದ ಗಣಪತಿಗೆ ಹೊರಟಿದ್ದರು. ಮಗ, ಸೊಸೆ, ಮೊಮ್ಮಗಳು ಆಗಲೇ ಹೋಗಿಯಾಗಿತ್ತು. ಅಪ್ಪಿ ಹಸಿರು ಸೀರೆ ಉಟ್ಟು ಕನ್ನಡಿಯ ಮುಂದೆ ಹೂ ಮುಡಿಯುತ್ತಿದ್ದಾಗ ವಾಸು ಬಚ್ಚಲಿನಲ್ಲಿ ಜಾರಿದ. ಸೊಂಟದ ಬಳಿ ಏನೋ ಲಟಕ್ಕೆಂದದ್ದು ಅವನಿಗೇ ಕೇಳಿಸಿತು.

ಅವಳು ಬಂದಳು. ನಲ್ಲಿ ನಿಲ್ಲಿಸಿದಳು. ತಲೆಯ ಕೆಳಗೆ ದಿಂಬು ಕೊಟ್ಟಳು, ಮೈಮೇಲೆ ಚಾದರ ಹೊದೆಸಿದಳು. ಯತಿನ್‌ಗೆ ಫೋನ್ ಮಾಡು ಎಂದು ಅವನು ನರಳಿದ. ಅವಳು ಪ್ಲಾಸ್ಟಿಕ್ ಸ್ಟೂಲು ಎಳೆದು ಬಾಗಿಲಲ್ಲಿ ಕೂತಳು.

"ಅವಳನ್ನು ಯಾವ ತೆಂಗಿನ ಬುಡದಲ್ಲಿ ಹುಗಿದಿರಿ?"

ಯಾರನ್ನು ಎಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಸೊಂಟದ ನೋವು ಒಂದು ಗಳಿಗೆ ಮರೆತುಹೋಯಿತು.

ನಲವತ್ತೇಳು ವರ್ಷದ ಹಿಂದಿನ ಮಾತು. ಯತಿನ್ ಇನ್ನೂ ಹುಟ್ಟಿರಲಿಲ್ಲ. ಅಪ್ಪಿಗೆ ಏಳು ತಿಂಗಳು. ನಾಟಿಯ ದಿನ ಬೆಳಿಗ್ಗೆಯಿಂದ ಹೊಟ್ಟೆನೋವು ಎಂದು ಎರಡು ಸಲ ಹೇಳಿದ್ದಳು. ಗದ್ದೆಯಲ್ಲಿ ನೀರು ನಿಂತಿತ್ತು, ನೇಜಿಯ ಸಸಿ ಕಿತ್ತಾಗಿತ್ತು, ಹನ್ನೆರಡು ಹೆಣ್ಣಾಳುಗಳು ಬಂದಿದ್ದರು. ಈ ಗದ್ದೆ ಮುಗಿಸಿ ಹೋಗು ಎಂದಿದ್ದ ವಾಸು. ಮಧ್ಯಾಹ್ನ ಗದ್ದೆಯ ಹುಣಿಯ ಮೇಲೆಯೇ, ಆ ಬದುವಿನಲ್ಲೇ, ಹೆರಿಗೆಯಾಯಿತು. ಹೆಣ್ಣು. ಅಳಲಿಲ್ಲ. ಅವನು ಹೆಗಲ ಬೈರಾಸಿನಲ್ಲಿ ಸುತ್ತಿ ಎತ್ತಿಕೊಂಡು ಹೋದ. ಸಂಜೆ ಮನೆಗೆ ಬಂದು, ತೆಂಗಿನ ಬುಡದಲ್ಲಿ ಹುಗಿದೆ ಎಂದು ಹೇಳಿ ಊಟಕ್ಕೆ ಕೂತ. ತೋಟದಲ್ಲಿ ಅರವತ್ತು ತೆಂಗು. ಯಾವುದು ಎಂದು ಅವಳು ಒಮ್ಮೆ ಕೇಳಿದಾಗ ಅವನ ಕೈ ಎದ್ದಿತ್ತು. ಮತ್ತೆ ಕೇಳಿರಲಿಲ್ಲ.

"ಬಾವಿಯಿಂದ ಮೂರನೆಯದು," ಎಂದ ವಾಸು.

"ಅದು ನಾನು ನೆಟ್ಟದ್ದು. ಯತಿನ್ ಹುಟ್ಟಿದ ವರ್ಷ."

ಅಪ್ಪಿ ಎದ್ದು ನೆರಿಗೆ ಸರಿಮಾಡಿಕೊಂಡಳು. ಹೋಗಬೇಡ ಎಂದು ಅವನು ಬೇಡಿದ. ಅವಳನ್ನು ಬೇಡಿದ್ದು ಅದೇ ಮೊದಲು.

"ಟ್ರೇನಿಗೆ ಹೊತ್ತಾಯಿತು. ನೆನಪು ಮಾಡಿ ಇಡಿ. ಬಂದ ಮೇಲೆ ಕೇಳ್ತೇನೆ."

ನೀರಿನ ಬಾಟಲಿಯನ್ನು ಅವನ ಕೈಗೆ ಸಿಗುವಲ್ಲಿಟ್ಟು, ಹೊರಗಿನಿಂದ ಬೀಗ ಹಾಕಿ ಹೋದಳು. ಕೂಗಬಹುದಿತ್ತು. ಎದುರು ಮನೆಯ ಮುದುಕಿಗೆ ಕೇಳಿಸುತ್ತಿತ್ತೋ ಏನೋ. ಆದರೆ ಒದ್ದೆ ಲುಂಗಿಯಲ್ಲಿ, ತನ್ನದೇ ಉಚ್ಚೆಯ ಮೇಲೆ ಬಿದ್ದಿದ್ದವನನ್ನು ಬಾಗಿಲು ಒಡೆದು ಬಂದವರು ನೋಡುವುದು ಅವನಿಗೆ ಬೇಕಿರಲಿಲ್ಲ. ಹಲ್ಲು ಕಚ್ಚಿ ಬಿದ್ದಿದ್ದ.

ನಾಲ್ಕು ಗಂಟೆಗೆ ಅಪ್ಪಿ ಬಂದು ಮೊದಲು ಪ್ರಸಾದದ ಚೂರನ್ನು ಅವನ ಬಾಯಿಗಿಟ್ಟಳು. ಆಮೇಲೆ ಅದೇ ಪ್ರಶ್ನೆ ಕೇಳಿದಳು. ಅವನು ಕಣ್ಣು ಮುಚ್ಚಿಕೊಂಡ. ಆಗ ಮಗನಿಗೆ ಫೋನ್ ಹಚ್ಚಿ, ಈಗಷ್ಟೇ ಬಂದೆ, ಅಪ್ಪ ಬಿದ್ದಿದ್ದಾರೆ ಎಂದು ನಡುಗುವ ದನಿಯಲ್ಲಿ ಹೇಳಿದಳು. ವಾಸು ಅದು ಸುಳ್ಳು ಎನ್ನಲಿಲ್ಲ. ಎಂದಿದ್ದರೆ ಯಾಕೆ ಎಂದು ಮಗ ಕೇಳುತ್ತಿದ್ದ; ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಆಪರೇಷನ್ ಆಯಿತು. ಇನ್ನು ಒಬ್ಬನೇ ನಡೆಯುವುದು ಕಷ್ಟ ಎಂದರು ಡಾಕ್ಟರು. ಕಿಟಕಿಯ ಬಳಿ ಮಂಚ ಬಂತು. ಅಪ್ಪಿ ಹೊತ್ತು ಹೊತ್ತಿಗೆ ಮದ್ದು ಕೊಟ್ಟಳು, ಮೈ ಒರೆಸಿದಳು, ಹುಣ್ಣಾಗದಂತೆ ಮಗ್ಗುಲು ಹೊರಳಿಸಿದಳು. ಇಂಥ ಹೆಂಡತಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದರು ನೋಡಲು ಬಂದ ಮಂಡಳಿಯ ಹೆಂಗಸರು.

ಹತ್ತು ಗಂಟೆಗೆ ಮನೆಯವರೆಲ್ಲ ಹೊರಟ ಮೇಲೆ ಅವಳು ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. "ಹೇಳಿ," ಅನ್ನುತ್ತಿದ್ದಳು. ಅವನು ದಿನಕ್ಕೊಂದು ಮರ ಹೇಳಿದ. ಅವಳಿಗೆ ಒಂದೊಂದು ಮರವೂ ಗೊತ್ತಿತ್ತು. ಆ ಮರಕ್ಕೆ ಅದಕ್ಕೂ ಮೊದಲೇ ಸಿಡಿಲು ಬಡಿದಿತ್ತು ಅನ್ನುತ್ತಿದ್ದಳು. ಈ ಮರದ ಬುಡವನ್ನು ಆ ಮಳೆಗಾಲದ ಕೊನೆಗೆ ನಾನೇ ಅಗೆದು ಗೊಬ್ಬರ ಹಾಕಿದ್ದೆ, ಏನೂ ಇರಲಿಲ್ಲ ಅನ್ನುತ್ತಿದ್ದಳು. ಹನ್ನೊಂದನೆಯ ದಿನ ಅವನಿಗೆ ಸಾಕಾಯಿತು.

"ತೋಡಿನ ನೀರಿಗೆ ಬಿಟ್ಟೆ," ಎಂದ. "ಗುದ್ದಲಿ ಮನೆಯಲ್ಲಿತ್ತು. ಆಳುಗಳು ಕಾಯ್ತಾ ಇದ್ದರು."

ಅಪ್ಪಿ ಅವನ ಕಡೆಗೆ ಬಗ್ಗಿದಳು. "ಮುಖ ಹೇಗಿತ್ತು?"

"ನೋಡಲಿಲ್ಲ."

ಅವಳು ಗಂಜಿ ಆರಿಸಿ ತಂದು ಚಮಚದಲ್ಲಿ ಉಣಿಸಿದಳು, ಬಾಯಿ ಒರೆಸಿದಳು. ಮುಗಿಯಿತು ಎಂದುಕೊಂಡು ವಾಸು ಆ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದ. ಮರುದಿನ ಹತ್ತು ಗಂಟೆಗೆ ಸ್ಟೂಲು ಎಳೆದ ಸದ್ದು ಕೇಳಿಸಿತು.

"ಹೇಳಿ. ಯಾವ ತೆಂಗಿನ ಬುಡ?"

"ನಿನ್ನೆ ಹೇಳಿದೆನಲ್ಲ."

"ನನಗೆ ಕೇಳಲಿಲ್ಲ."

ಅವನು ಮತ್ತೆ ಹೇಳಿದ. ಅದರ ಮರುದಿನವೂ ಹೇಳಬೇಕಾಯಿತು. ಬೈರಾಸಿನ ಬಣ್ಣ ಕೇಳಿದಳು, ತೋಡಿನಲ್ಲಿ ನೀರು ಎಷ್ಟಿತ್ತು ಕೇಳಿದಳು, ಕೈಬಿಟ್ಟ ಮೇಲೆ ತಿರುಗಿ ನೋಡಿದಿರಾ ಎಂದು ಕೇಳಿದಳು. ಒಂದೇ ಪ್ರಶ್ನೆಗೆ ನಿನ್ನೆಯ ಉತ್ತರವನ್ನೇ ಕೊಡಬೇಕಿತ್ತು, ತಪ್ಪಿದರೆ ಮೊದಲಿನಿಂದ.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಯತಿನ್ ಅಪ್ಪನ ಮಂಚದ ಬಳಿ ಕೂತು, ಅಮ್ಮ ಸೋತುಹೋಗಿದ್ದಾರೆ, ಹಗಲಿಗೆ ಒಬ್ಬ ಕೆಲಸದ ಹೆಂಗಸನ್ನು, ಮಾವಶಿಯನ್ನು, ಇಟ್ಟುಕೊಳ್ಳೋಣ ಎಂದ. ದಿವಾ ಸ್ಟೇಷನ್ನಿನ ಕಡೆಯಿಂದ ಬರುವ ಒಬ್ಬಳು ಗೊತ್ತಿದ್ದಾಳಂತೆ, ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೂ ಇರುತ್ತಾಳಂತೆ. ವಾಸು ಮಗನ ಕೈ ಹಿಡಿದು, ಇಡು ಮಗಾ, ನಾಳೆಯಿಂದಲೇ ಬರಲಿ ಎಂದ. ಅಪ್ಪನ ಕಣ್ಣಲ್ಲಿ ನೀರು ಕಂಡು ಯತಿನ್‌ಗೆ ಅಮ್ಮನ ಮೇಲೆ ಇವರಿಗೆ ಎಷ್ಟು ಪ್ರೀತಿ ಅನ್ನಿಸಿತು.

ಅಡುಗೆಮನೆಯಿಂದ ಅಪ್ಪಿ ಬಂದು ಗಂಡನ ಚಾದರದ ಅಂಚು ಸರಿಮಾಡಿದಳು.

"ಅದೆಲ್ಲ ಬೇಡ ಮಗಾ," ಎಂದಳು. "ಇವರಿಗೆ ನಾನೇ ಆಗಬೇಕು."

ಯತಿನ್ ತಲೆಯಾಡಿಸಿ, ಮಾವಶಿಗೆ ಬೇಡವೆಂದು ಹೇಳಲು ಫೋನ್ ತೆಗೆದ.