ಕಾಟಲಿಂಗಪ್ಪನವರ ಹಳದಿ

ಹಿರಿಯೂರಿನ ನಮ್ಮ ಕುರಿ ಸಾಕಣೆದಾರರ ಸಂಘದ ಚರಿತ್ರೆಯಲ್ಲಿ ಹಳದಿ ಬಣ್ಣಕ್ಕಿರುವ ಸ್ಥಾನವನ್ನು ಯಾರೂ ಗಂಭೀರವಾಗಿ ಪರಿಗಣಿಸಿಲ್ಲ. ಇದು ಅಕ್ಷಮ್ಯ.

ಗುಮಾಸ್ತ ಕಾಟಲಿಂಗಪ್ಪ ಹನ್ನೊಂದು ವರ್ಷದಿಂದ ನಾಲ್ಕು ತಾಲ್ಲೂಕಿನ ಕುರಿಗಳನ್ನು ಒಂದೇ ಎಕ್ಸೆಲ್ ಹಾಳೆಯಲ್ಲಿ ಮೇಯಿಸುತ್ತಿದ್ದರು. ಕುರಿಗೊಂದು ಸಾಲು. ಲಸಿಕೆಯಾದರೆ ಸಾಲಿಗೆ ಹಳದಿ, ಸತ್ತರೆ ಕೆಂಪು. ಅಕ್ಷರದಲ್ಲಿ ಬರೆಯುವುದು ಅವರ ಪ್ರಕಾರ ಎಳಸು ಕೆಲಸ. ಬಣ್ಣಗಳ ಅರ್ಥ ಅವರೊಬ್ಬರಿಗೇ ಗೊತ್ತಿತ್ತು. ಕುರ್ಚಿ ಉಳಿದದ್ದೂ ಅದರಿಂದಲೇ.

ವ್ಯವಸ್ಥಾಪಕ ಕಲ್ಲೇಶ್ ಚಿತ್ರದುರ್ಗದಲ್ಲಿ ನಡೆದ ಎರಡು ದಿನದ ತರಬೇತಿಗೆ ಹೋಗಿ, ಊಟದ ನಂತರದ ಪಾಠಗಳಲ್ಲಿ ನಿದ್ದೆ ಮಾಡಿ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಹೆಸರೊಂದನ್ನು ಹೊತ್ತು ಬಂದರು.

“ಇನ್ಮೇಲೆ ಎಲ್ಲಾ ಪೈಥಾನ್. ಕಾಟಲಿಂಗಪ್ಪನೋರೇ, ಪ್ರೋಗ್ರಾಮ್ ನೆಟ್ಟಗೆ ಓಡಿದ್ರೆ ನಿಮಗಿಲ್ಲಿ ಏನು ಕೆಲಸ? ಧರ್ಮಪುರದ ತೂಕದ ಶೆಡ್ಡಿಗೆ ಹೋಗ್ರಿ.”

ಕಚೇರಿಯ ಹಿಂದಿನ ಬೀದಿಯಲ್ಲೇ ಮನೆಯಿರುವ ಮನುಷ್ಯನಿಗೆ ಇದು ಗಡೀಪಾರು. “ಓಡ್ಲಿ ಬಿಡ್ರಿ ಸಾರ್, ನೋಡಾಣ,” ಅಂದರು ಕಾಟಲಿಂಗಪ್ಪ.

ಪ್ರೋಗ್ರಾಮ್ ಬರೆಯಲು ಬಂದ ಪಲ್ಲವಿಗೆ, ಆ ಕಚೇರಿಯಲ್ಲಿ ಬೇರಾರಿಗೂ ಇಲ್ಲದ, ಓದಿ ನೋಡುವ ಚಟವಿತ್ತು. “ಸಾರ್, ಈ ಬಣ್ಣ ಯಾತಕ್ಕೆ? ನಾನು ಬರ್ದಿರೋದು ಅಂಕಿ, ಅಕ್ಷರ ಮಾತ್ರ ಓದುತ್ತೆ.”

ಕಾಟಲಿಂಗಪ್ಪ ಕಿಟಕಿಯ ಆಚೆ ನೋಡಿದರು. ಕಲ್ಲೇಶ್, “ಬಣ್ಣ ಯಾಕಮ್ಮ? ಹೋಳಿ ಆಡ್ತೀಯೇನು? ಸುಮ್ನೆ ಓಡ್ಸು,” ಅಂದರು.

ಓಡಿತು. ನಿರ್ದೇಶಕರ ಸಭೆಯಲ್ಲಿ ಪರದೆಯ ಮೇಲೆ ಅಂಕಿ ಬಂತು: ಸತ್ತ ಕುರಿ, ಸೊನ್ನೆ. “ಹನ್ನೊಂದು ವರ್ಷದಲ್ಲಿ ಒಂದೂ ಸತ್ತಿಲ್ಲ,” ಎಂದು ಕಲ್ಲೇಶ್ ಎದೆಯುಬ್ಬಿಸಿ ಓದಿದರು. ಓದಿದ್ದು ಅವರದೇ ಕಿವಿಗೆ ಬೀಳಲಿಲ್ಲವೆಂದು ಕಾಣುತ್ತದೆ.

ಹೊಸದುರ್ಗದ ನಿರ್ದೇಶಕಿ ದ್ಯಾಮಮ್ಮ ಬಾಯಿಯ ಎಲೆಅಡಿಕೆಯನ್ನು ಒತ್ತಟ್ಟಿಗೆ ಸರಿಸಿದರು. “ಹೋದ ವರ್ಷ ನಮ್ಮವೇ ನಲವತ್ತು ಮಣ್ಣು ಮಾಡಿದ್ವಲ್ಲಪ್ಪ. ಅವು ಎಲ್ಲಿ ಮೇಯ್ತಾ ಅವೆ ಹೇಳು, ಹೊಡ್ಕಂಡು ಬರ್ತೀನಿ.”

ಕಾಟಲಿಂಗಪ್ಪ ಯಾರೂ ಕರೆಯದೆಯೇ ಎದ್ದರು. ಹಳದಿ ಏನು, ಕೆಂಪು ಏನು ಎಂದು ವಿವರಿಸಿ, “ಇದಕ್ಕೆಲ್ಲ ಮನುಷ್ಯನ ಕಣ್ಣು ಬೇಕ್ರಿ,” ಅಂದರು. ಏಳದೆ ಕುಳಿತಿದ್ದರೆ ಗೆದ್ದಿದ್ದರು. ಆದರೆ ಹನ್ನೊಂದು ವರ್ಷದ ಗುಟ್ಟನ್ನು ಬಿಟ್ಟುಕೊಟ್ಟಾಗಿತ್ತು. ಚಹಾ ಬರುವುದರೊಳಗೆ ಪಲ್ಲವಿ ನಾಲ್ಕು ಸಾಲು ಸೇರಿಸಿ, ಪ್ರೋಗ್ರಾಮ್ ಬಣ್ಣವನ್ನೂ ಓದುವಂತೆ ಮಾಡಿದಳು. ಸತ್ತವು ಪರದೆಯ ಮೇಲೂ ಸತ್ತವು. ಹಳದಿಯ ಹತ್ತಿರ ಅವಳ ಕೈ ನಿಂತಿತು.

“ಸಾರ್, ಹಳದಿ ಏಳು ಥರ ಐತೆ. ಇದು ಲಸಿಕೆ ಆಗಿದ್ದು. ಇದು?”

ಕಾಟಲಿಂಗಪ್ಪ ಕನ್ನಡಕ ಹಾಕಿಕೊಂಡರು. “ಅದು ಆಗ್ಬೇಕಾಗಿರೋದು.”

“ಇದು?”

“ಅದು... ಅವತ್ತು ಕೈಗೆ ಸಿಕ್ಕಿದ್ದು.”

“ಹಂಗಾರೆ ನಮ್ಮ ಕುರಿಗೆ ಸೂಜಿ ಚುಚ್ಚೈತೋ ಇಲ್ವೋ?” ದ್ಯಾಮಮ್ಮ ಕೇಳಿದರು.

ನಾಲ್ಕು ತಾಲ್ಲೂಕಿನ ಕುರಿಗಳಿಗೆ ಮೊದಲಿನಿಂದ ಲಸಿಕೆ ಹಾಕಲಾಯಿತು. ಕಲ್ಲೇಶ್ ಇನ್ನೊಂದು ತರಬೇತಿಗೆ ಹೋದರು. ಕಾಟಲಿಂಗಪ್ಪ ಧರ್ಮಪುರದಲ್ಲಿ ಕುರಿ ತೂಗುತ್ತಾರೆ.