ಅವಿರೋಧವಾಗಿ ಹೊರಗೆ

ಆಸ್ಪತ್ರೆಗಳ ಬಟ್ಟೆ ಒಗೆದುಕೊಡುವ ಲಾಂಡ್ರಿ ನಮ್ಮದು. ಅಕ್ಕ ಮಾಲೀಕಳು, ನಾನು ಸೂಪರ್‌ವೈಸರ್, ಬಂದ ಬಟ್ಟೆ ವಿಂಗಡಿಸುವವಳು ನನ್ನ ಹೆಂಡತಿ. ಕೆಲಸದವರು ನನಗಿಟ್ಟ ಹೆಸರು 'ಸೈರನ್'. ಕಿರುಚದಿದ್ದರೆ ಅಲ್ಲಿ ಒಂದು ದಿಂಬಿನ ಕವರೂ ಅಲ್ಲಾಡುವುದಿಲ್ಲ, ನಾನೇನು ಮಾಡಲಿ?

ಬೆಡ್‌ಶೀಟ್ ಕಳೆದದ್ದು ನಮ್ಮಲ್ಲೋ ಅವರಲ್ಲೋ ಎಂದು ಆಸ್ಪತ್ರೆಯವರೊಂದಿಗೆ ದಿನಾ ಜುಟ್ಟು ಹಿಡಿಯುವ ಜಗಳ. ಅದಕ್ಕೆ ಅಕ್ಕ ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಲೆಕ್ಕದ ಪುಸ್ತಕ ಹಾಕಿಸಿದಳು. ಅದನ್ನು ಕಲಿಸಲು ಬಂದವನು ಬಾಯಿಬಿಟ್ಟರೆ ಸರಪಳಿ ಎನ್ನುತ್ತಿದ್ದ; ಸರಪಳಿ ಮೇಷ್ಟ್ರು ಎಂದೇ ಕರೆದೆವು.

"ಏನೇ ಎಂಟ್ರಿ ಮಾಡಿದ್ರೂ ಎಲ್ಲರ ಫೋನಿಗೂ ಬರುತ್ತೆ," ಎಂದ ಮೇಷ್ಟ್ರು. "ಎಲ್ಲರೂ ಒಪ್ಪಿಗೆ ಒತ್ತಿದ್ರೆ ಸರಪಳಿಗೆ ಸೇರುತ್ತೆ. ಸೇರಿದ್ಮೇಲೆ ಯಾರಪ್ಪ ಬಂದ್ರೂ ಅಳಿಸೋಕಾಗಲ್ಲ."

ನಮ್ಮ ಕೈಯಲ್ಲೋ ಸದಾ ಬಟ್ಟೆಯ ರಾಶಿ. ಫೋನು ಟಿಂಗ್ ಎಂದರೆ ಬಗ್ಗಿ ಮೂಗಿನಿಂದ ಒತ್ತುವುದು ರೂಢಿಯಾಯಿತು. ಓದುವ ಪುರುಸೊತ್ತು ಯಾರಿಗಿದೆ?

ಒಂದು ಬೆಳಿಗ್ಗೆ ಮೇಷ್ಟ್ರು ಪಾಠಕ್ಕೆಂದು ಒಂದು ಎಂಟ್ರಿ ಮಾಡಿದ: 'ಸೂಪರ್‌ವೈಸರ್ ಕೆಲಸ ಬಿಟ್ಟಿದ್ದಾರೆ.' "ಈಗ ಎಲ್ಲರೂ ತಿರಸ್ಕರಿಸಿ..." ಎನ್ನುವಷ್ಟರಲ್ಲಿ ಟಿಂಗ್ ಟಿಂಗ್ ಎಂದು ಎಲ್ಲ ಮೂಗುಗಳೂ ಬಗ್ಗಿದ್ದವು. ನನ್ನದೂ ಸೇರಿ! ಗೇಟನ್ನೂ ಅದೇ ಸರಪಳಿಗೆ ಜೋಡಿಸಿದ್ದರು; ಮಧ್ಯಾಹ್ನ ಚಹಾಕ್ಕೆ ಹೋಗಿ ಬಂದರೆ ನನ್ನ ಕಾರ್ಡಿಗೆ ಅದು ತೆರೆಯಲಿಲ್ಲ.

"ಅಳಿಸೋಕಾಗಲ್ಲ ಕಣೋ," ಎಂದಳು ಅಕ್ಕ, ನಗು ತಡೆದುಕೊಂಡು. "ವಾಪಸ್ ಸೇರಿಸ್ಕೊಳ್ಳೋ ಎಂಟ್ರಿ ಹಾಕ್ತೀನಿ. ಎಲ್ಲರೂ ಒಪ್ಪಿದ್ರೆ ಬಾ."

"ಅಷ್ಟೇ ತಾನೆ!" ಎಂದೆ.

ಅಷ್ಟೇ ಆಗಿರಲಿಲ್ಲ. ಈ ಸಲ ಎಲ್ಲರೂ ಓದಿದರು.

ಇಸ್ತ್ರಿಯವಳು ಕನ್ನಡಕ ಹುಡುಕಿ ತಂದು ಓದಿದಳಂತೆ. ವ್ಯಾನ್ ಡ್ರೈವರ್ ಊಟದ ಹೊತ್ತಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದನಂತೆ. ನಾನು ಗೇಟಿನಾಚೆ ಹಲ್ಲು ಗಿಂಜುತ್ತ ನಿಂತೆ.

"ಇನ್ಮೇಲೆ ಕಿರುಚ್ತೀರಾ?" ಇಸ್ತ್ರಿಯವಳು ಕೇಳಿದಳು.

"ಇಲ್ಲ ತಾಯಿ."

"ಬಾತ್‌ರೂಮಿಗೆ ಹೋದ್ರೆ ಬಾಗಿಲು ಬಡೀತೀರಾ?"

"ಅಯ್ಯೋ, ಖಂಡಿತ ಇಲ್ಲ!"

ಹೀಗೆ ಒಬ್ಬೊಬ್ಬರ ಕೈಕಾಲು ಹಿಡಿದು ವಾರದೊಳಗೆ ಎಲ್ಲರ ಒಪ್ಪಿಗೆ ಗಿಟ್ಟಿಸಿದೆ. ಉಳಿದದ್ದು ಒಂದೇ, ನನ್ನ ಹೆಂಡತಿಯದು. ಮೈಯೆಲ್ಲ ಉರಿಯಿತು. ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹಿಡಿದುಕೊಂಡೆ.

"ಏನೇ ಇದು? ಕಟ್ಕೊಂಡ ಗಂಡನಿಗೆ ಒಂದು ಒಪ್ಪಿಗೆ ಒತ್ತೋಕೆ ಮನಸ್ಸಿಲ್ವಾ ನಿಂಗೆ?"

"ಇಲ್ಲ ರೀ."

"ಯಾಕೆ?"

"ಮೊದಲು ಸಂಜೆ ನಿಮ್ಮ ಬೈಕ್ ಸದ್ದು ಕೇಳಿದ್ರೆ ಸಾಕು, ಮಗಳು ಪುಸ್ತಕ ಎತ್ಕೊಂಡು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ತಿದ್ಲು. ಈ ವಾರ ಇಲ್ಲೇ ಕೂತಿರ್ತಾಳೆ. ನೀವು ನೋಡಲಿಲ್ವಾ?"

ನೋಡಿರಲಿಲ್ಲ. ಈಗ ನೋಡಿದೆ. ಮಗಳು ಸೋಫಾದ ಆ ತುದಿಯಲ್ಲಿ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ನನ್ನ ದನಿ ಏರಿದ್ದಕ್ಕೋ ಏನೋ, ಪೆನ್ಸಿಲುಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬತೊಡಗಿದಳು.

"ಕೂತ್ಕೋ ಪುಟ್ಟಿ, ಮುಗಿಸು," ಎಂದೆ. ಹೆಂಡತಿಯ ಕಡೆ ತಿರುಗಿದೆ. "ಅಕ್ಕನಿಗೆ ಹೇಳು, ಬೇರೆಯವರನ್ನ ನೋಡ್ಕೊಳ್ಳಲಿ."