ಒಪ್ಪಿಗೆ ಇರುವವರು ಕೈ ಎತ್ತಿ

ನಿಲುವಂಗಿಯ ಅಂಚಿನೊಳಗೆ ಸೀಸದ ತುಂಡು ತೂರಿಸಲು ಹೋಗಿ ಬೆಂಚಿನ ಮೇಲೆ ಕುಳಿತಿದ್ದ ಬಡಗಿಯ ಹೆಂಡತಿ ಮತ್ತೆ ಬೆರಳಿಗೆ ಸೂಜಿ ಚುಚ್ಚಿಕೊಂಡಳು. ದೀಕ್ಷಾಸ್ನಾನಕ್ಕೆ ನೀರಿಗಿಳಿಯುವವರ ಅಂಗಿ ಮೇಲೆ ತೇಲಿ ಮಾನ ಹೋಗಬಾರದಲ್ಲ, ಅದಕ್ಕೇ ಈ ಭಾರ. ಈ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅದು ಮೊದಲಿನಿಂದ ಅವಳದೇ ಕೆಲಸ. ಎಷ್ಟೋ ಜನರಿಗೆ ಹೊಲಿದಿದ್ದಳು, ಯಾರ ಅಂಗಿಗೂ ಹೀಗೆ ಸೂಜಿ ಚುಚ್ಚಿಕೊಂಡಿರಲಿಲ್ಲ.

ಅಂಗಿ ಲಾರಿ ಸಾಹುಕಾರನದು. ಅವನು ವೇದಿಕೆಯ ಪಕ್ಕ ಸಭೆಗೆ ಮುಖಮಾಡಿ ನಿಂತಿದ್ದ. ವೇದಿಕೆಯ ಹಲಗೆಗಳನ್ನು ಎತ್ತಿ ಗೋಡೆಗೆ ಒರಗಿಸಿದ್ದರು. ಕೆಳಗಿನ ಸ್ನಾನದ ತೊಟ್ಟಿಗೆ ನಲ್ಲಿಯಿಂದ ನೀರು ಧೋ ಎಂದು ಬೀಳುತ್ತಿತ್ತು. ಅವನಿಗೆ ಸ್ನಾನ ಕೊಡಬಹುದೆಂದು ಸಭೆ ಒಪ್ಪುವ ಮೊದಲೇ ನೀರು ಬಿಡಿಸಿದವರು ಹೊಸ ಪಾಸ್ಟರು. ಹಳೆಯ ಪಾಸ್ಟರು ತೀರಿಕೊಂಡ ಮೇಲೆ ಮೊನ್ನೆ ಮೊನ್ನೆ ಬಂದ ಹುಡುಗ, ಎಲ್ಲದಕ್ಕೂ ಅವಸರ.

"ಯುದ್ಧದಲ್ಲಿ ಸಿಪಾಯಿಗಳಿಗೆ ಲಾರಿ ಓಡಿಸಿದ್ದು ನಿಜ," ಎಂದು ಸಾಹುಕಾರ ಸಾಕ್ಷಿ ಹೇಳುತ್ತಿದ್ದ. "ಆ ಭಾನುವಾರ ಈ ಬಾಗಿಲ ಮುಂದೆ ನಿಲ್ಸಿದ್ದೂ ನಾನೇ. ಆದ್ರೆ ದೇವರಾಣೆಗೂ ನಾನು ಸೀಟು ಬಿಟ್ಟು ಇಳೀಲಿಲ್ಲ. ಒಳಗೆ ಏನು ನಡೀತೋ ನಾನು ನೋಡಿಲ್ಲ."

ಚರ್ಚಿನೊಳಗೆ ಆಣೆ ಇಟ್ಟದ್ದಕ್ಕೆ ಪಾಸ್ಟರು ಮೆಲ್ಲಗೆ ಕೆಮ್ಮಿದರು.

ಒಳಗೆ ನಡೆದದ್ದು ಅವಳಿಗೆ ಗೊತ್ತಿತ್ತು. ಹಾಡು ಅರ್ಧವಾಗಿದ್ದಾಗ ಸಿಪಾಯಿಗಳು ನುಗ್ಗಿ, ಎಲ್ಲರನ್ನೂ ಎರಡೂ ಕೈ ಮೇಲೆತ್ತಿಸಿ ನಿಲ್ಲಿಸಿದ್ದರು. ಕೈ ಇಳಿಸಿದವರು ಲಾರಿಗೆ. ಬೆಳಗಿನ ಬಿಸಿಲು ಹೋಗಿ ಪಡುವಣ ಕಿಟಕಿಯಲ್ಲಿ ಸಂಜೆಯ ಬಿಸಿಲು ಬಂತು. ಬೆಂಚಿನ ಮೇಲೆ ಅವಳ ಕೂಸು ಹಾಲಿಗೆ ಅತ್ತು ಅತ್ತು ಸುಸ್ತಾಯಿತು. ಆ ಬೆಂಚುಗಳನ್ನು ಮಾಡಿದವನೇ ಅವಳ ಗಂಡ; ಚರ್ಚಿನ ಸೂರು ಕಟ್ಟುವಾಗ ಬಿದ್ದು ಅವನ ಬಲಭುಜ ಊನವಾಗಿತ್ತು. "ಇನ್ನೊಂಚೂರು ತಡ್ಕೊಳ್ರೀ," ಎಂದು ಪಿಸುಗುಟ್ಟಿದ್ದಳು. "ಆಗ್ತಿಲ್ಲ ಕಣೇ," ಎಂದು ಅವನು ಕೈ ಇಳಿಸಿದ. ಹಿಂದಿನಿಂದ ಬೂಟಿನ ಸದ್ದು ಬಂತು. ಅವನನ್ನು ಎಳೆದೊಯ್ಯುವಾಗ ಅಂಗಿ ಹಿಡಿದು ನಿಲ್ಲಿಸಲೂ ಅವಳು ತನ್ನ ಕೈ ಇಳಿಸಲಿಲ್ಲ. ಹೋದವರಲ್ಲಿ ಯಾರೂ ಮರಳಿ ಬರಲಿಲ್ಲ.

ಅಂದಿನಿಂದ ಈ ಸಭೆಯಲ್ಲಿ ಯಾವುದಕ್ಕೂ ಕೈ ಎತ್ತಿಸುವ ಪದ್ಧತಿ ಇಲ್ಲ. ಹಳೆಯ ಪಾಸ್ಟರು ಕೇಳುತ್ತಿದ್ದರು, ಒಪ್ಪಿದವರು ಆಮೆನ್ ಅನ್ನುತ್ತಿದ್ದರು. ಒಬ್ಬರು ಸುಮ್ಮನಿದ್ದರೂ ದೀಕ್ಷಾಸ್ನಾನ ನಿಲ್ಲುತ್ತಿತ್ತು. ಯಾಕೆ ಹೀಗೆ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಹೊಸ ಪಾಸ್ಟರಿಗೂ ಹೇಳಲಿಲ್ಲ.

ಇವತ್ತು ಬಾಯಿ ಬಿಗಿದುಕೊಂಡು ಕೂರುವುದೆಂದು ಅವಳು ನಿಶ್ಚಯಿಸಿದ್ದಳು. ಅದರ ವಾಸನೆ ಹಿಡಿದ ಮಗ ಬೆಳಿಗ್ಗೆ ಗೋಗರೆದಿದ್ದ. "ಎಲ್ಲರ ಜೊತೆ ಆಮೆನ್ ಅಂದ್ಬಿಡಮ್ಮ. ನಾಳೆ ಸಾಹುಕಾರ ನಾನು ಓಡ್ಸೋ ಲಾರಿ ಬೀಗದ ಕೈ ಕಿತ್ಕೊಂಡ್ರೆ ಮಕ್ಕಳಿಗೆ ಏನು ತಿನ್ಸ್ಲಿ?"

"ನಿಮ್ಮಪ್ಪನ್ನ ಕರ್ಕೊಂಡು ಹೋದವನ ಲಾರಿ ಕಣೋ."

"ಊರಲ್ಲಿ ಇನ್ಯಾರ ಹತ್ರ ಲಾರಿ ಇದೆ, ನೀನೇ ಹೇಳು."

ಈಗ ಮಗ ಪಕ್ಕದಲ್ಲೇ ಕುಳಿತು ಉಗುರು ಕಚ್ಚುತ್ತಿದ್ದ.

ಪಾಸ್ಟರು ಎದ್ದು ನಿಂತು ನಗುತ್ತ ಹೇಳಿದರು. "ಒಪ್ಪಿಗೆ ಇರುವವರು ಕೈ ಎತ್ತಿ."

ಮುಂದಿನ ಬೆಂಚಿನ ಗಡಿಯಾರ ರಿಪೇರಿಯವನ ಕೈ ಮೇಲೆದ್ದಿತು. ಎರಡೂ ಕೈ. ಅವನ ಅಕ್ಕನದೂ ಎರಡು. ತಲೆ ನರೆತವರೆಲ್ಲ ಮೊಣಕೈ ನೆಟ್ಟಗೆ ಮಾಡಿ, ಅಂಗೈ ಮುಂದೆ ಮಾಡಿ ಕುಳಿತರು. ಎಳೆಯರು ಒಂದೊಂದು ಕೈ ಎತ್ತಿ ದೊಡ್ಡವರ ಮುಖ ನೋಡಿದರು. ಬಡಗಿಯ ಹೆಂಡತಿ ಎತ್ತಲಿಲ್ಲ, ಅವಳ ಕೈಗಳೇ ಎದ್ದವು. ಅಯ್ಯೋ ಬೇಡ ಎಂದುಕೊಳ್ಳುವಷ್ಟರಲ್ಲಿ ಅವು ತಲೆಯ ಮೇಲಿದ್ದವು.

"ಅಬ್ಬಾ, ಒಂದು ಕೈ ಸಾಕಿತ್ತು!" ಪಾಸ್ಟರು ನಕ್ಕರು. "ಎಲ್ಲರೂ ಒಪ್ಪಿದ ಹಾಗಾಯ್ತು. ಇಳಿಸಿ, ಇಳಿಸಿ."

ಯಾರೂ ಇಳಿಸಲಿಲ್ಲ. ಪಾಸ್ಟರ ನಗು ಹಾಗೇ ಒಣಗಿತು. ಸಾಹುಕಾರ ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಕಣ್ಣು ಹಾಯಿಸುತ್ತ ಹೋದ. ಗೋಡೆ ಹಿಡಿದುಕೊಂಡ.

"ಎಷ್ಟ್ ಹೊತ್ತು?" ಎಂದ, ಸಣ್ಣ ದನಿಯಲ್ಲಿ. "ಹೀಗೆ ಎಷ್ಟ್ ಹೊತ್ತು ನಿಲ್ಸಿದ್ರು?"

ಅವಳ ಭುಜ ಸೆಳೆಯತೊಡಗಿತ್ತು. ಇಳಿಸಿದರೆ ಮಗನ ತುತ್ತಿಗೆ ಕಲ್ಲು, ಅದು ಗೊತ್ತು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೆನ್ನ ಹಿಂದಿನ ಬಾಗಿಲಲ್ಲಿತ್ತು. ಅಲ್ಲಿ ಸಿಪಾಯಿಗಳು ಇಲ್ಲವೆಂದು ತಲೆ ಹೇಳುತ್ತಿತ್ತು, ಮೈ ಕೇಳುತ್ತಿರಲಿಲ್ಲ. ಆದರೂ ಬಲಗೈ ಇಳಿಸಿದಳು.

"ಅಮ್ಮಾ, ಬೇಡ," ಮಗ ಪಿಸುಗುಟ್ಟಿದ.

"ಆಗ್ತಿಲ್ಲ ಕಣೋ," ಎಂದು ಎಡಗೈಯನ್ನೂ ಇಳಿಸಿದಳು.

ಎರಡೂ ಕೈಗಳನ್ನು ಮಡಿಲಲ್ಲಿದ್ದ ಬಿಳಿ ಅಂಗಿಯ ಮೇಲಿಟ್ಟು ಕಣ್ಣು ಮುಚ್ಚಿದಳು. ಹೆಜ್ಜೆ ಸದ್ದು ಕೇಳಿಸಿತು. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಭುಜದ ಮೇಲೆ ಬೀಳುವ ಕೈಗಾಗಿ ಕಾದಳು. ಕೈ ಬೀಳಲಿಲ್ಲ. ಸದ್ದು ಬಂದದ್ದು ಮುಂದಿನಿಂದ. ಏನೋ ಕಿರ್ರೆಂದು ತಿರುಗಿತು, ನೀರು ಬೀಳುವುದು ನಿಂತಿತು.

ಅವಳು ಕಣ್ಣು ತೆರೆದಳು. ಸಾಹುಕಾರ ಬೆನ್ನು ತಿರುಗಿಸಿ, ತೊಟ್ಟಿಯ ಅಂಚಿನಲ್ಲಿ ಬಗ್ಗಿ ನಲ್ಲಿ ಹಿಡಿದುಕೊಂಡೇ ನಿಂತಿದ್ದ. ಅವಳ ಅಕ್ಕಪಕ್ಕದವರ ಕೈಗಳು ಇನ್ನೂ ಇಳಿದಿರಲಿಲ್ಲ.